ಓದುವ ಮನೆ, ಉಳಿಯುವ ನುಡಿ: ಐಸ್‌ಲ್ಯಾಂಡಿಕ್ ಭಾಷೆಯ ಚರಿತ್ರೆ ಮತ್ತು ಅದನ್ನಾಡುವ ಜನ



ಭಾಷೆಗಳ ಅಳಿವು ಉಳಿವಿನ ಮಾತು ಬಂದಾಗಲೆಲ್ಲ ನಾವು ಮೊದಲು ತಲೆ ಎಣಿಸುತ್ತೇವೆ. ಆಡುವವರು ಎಷ್ಟು ಮಂದಿ, ಲಕ್ಷವೋ ಕೋಟಿಯೋ ಎಂದು ಕೇಳುತ್ತೇವೆ. ಸಂಖ್ಯೆ ದೊಡ್ಡದಾಗಿದ್ದರೆ ನೆಮ್ಮದಿ, ಚಿಕ್ಕದಾಗಿದ್ದರೆ ಆತಂಕ. ಈ ಲೆಕ್ಕಾಚಾರಕ್ಕೆ ಸಿಗದ ಒಂದು ಭಾಷೆಯ ಕುರಿತು ಇಂದು ತಮ್ಮ ಮುಂದೆ ಕೆಲವು ವಿಚಾರಗಳನ್ನು ಇಡಬೇಕೆಂದಿದ್ದೇನೆ. ಅದು ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ನಾರ್ವೆಗೂ ಗ್ರೀನ್‌ಲ್ಯಾಂಡಿಗೂ ನಡುವೆ ಇರುವ ಐಸ್‌ಲ್ಯಾಂಡ್ ದ್ವೀಪದ ಭಾಷೆ. ವಿಸ್ತೀರ್ಣದಲ್ಲಿ ಆ ದೇಶ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ ಇಂದಿಗೂ ನಾಲ್ಕು ಲಕ್ಷದ ಒಳಗೇ ಇದೆ. 1703ರಲ್ಲಿ ಅಲ್ಲಿ ಮನೆಮನೆಗೂ ಹೋಗಿ, ಹೆಸರು ಹಿಡಿದು ಜನಗಣತಿ ಮಾಡಿದರು. ಅಂದು ಸಿಕ್ಕ ಲೆಕ್ಕ 50,358. ಅದಾದ ಎಂಬತ್ತು ವರ್ಷಕ್ಕೆ, 1783ರಲ್ಲಿ, ಲಾಕಿ ಎಂಬಲ್ಲಿ ನೆಲ ಸೀಳಿ ಲಾವಾ ಉಕ್ಕಿತು. ವಿಷಗಾಳಿಗೆ ಹುಲ್ಲು ಸತ್ತಿತು, ಹುಲ್ಲಿಲ್ಲದೆ ದನ ಕುರಿ ಸತ್ತವು, ಹಿಂದೆಯೇ ಬಂದ ಬರಗಾಲದಲ್ಲಿ ಐದು ಜನರಲ್ಲಿ ಒಬ್ಬರು ಸತ್ತರು. 1920ರ ಹೊತ್ತಿಗೂ ದ್ವೀಪದ ಜನಸಂಖ್ಯೆ ಒಂದು ಲಕ್ಷ ಮುಟ್ಟಿರಲಿಲ್ಲ.

ಇಷ್ಟು ಕಡಿಮೆ ಜನ ಆಡುತ್ತಿದ್ದ ನುಡಿಯಲ್ಲಿ ಹನ್ನೆರಡು ಹದಿಮೂರನೆಯ ಶತಮಾನಗಳಲ್ಲೇ ಯುರೋಪಿನ ಅತ್ಯುತ್ತಮ ಗದ್ಯಕಥನಗಳು ಬಂದವು. ಆ ಕಥನಗಳನ್ನು ಇವತ್ತಿನ ಪ್ರೌಢಶಾಲೆಯ ಹುಡುಗ ಹುಡುಗಿಯರು ಅನುವಾದದ ನೆರವಿಲ್ಲದೆ, ಹೊಸ ಕಾಗುಣಿತದ ಪ್ರತಿಯಲ್ಲಿ, ಅಲ್ಲಲ್ಲಿ ಅಡಿಟಿಪ್ಪಣಿ ನೋಡಿಕೊಂಡು ಓದುತ್ತಾರೆ. ಪಂಪನನ್ನು ಓದಲು ನಮ್ಮ ಪದವಿ ತರಗತಿಗಳಲ್ಲಿ ಪಡುವ ಪಾಡನ್ನು ಬಲ್ಲ ತಮಗೆ ಇದರ ಸೋಜಿಗವನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ. ಐಸ್‌ಲ್ಯಾಂಡ್ ಸಮುದ್ರದ ನಡುವೆ ಒಂಟಿಯಾಗಿತ್ತು, ಹೊರಗಿನ ಗಾಳಿ ತಾಕಲಿಲ್ಲ, ಆದ್ದರಿಂದ ಭಾಷೆ ಹಾಗೇ ಉಳಿಯಿತು ಎನ್ನುತ್ತಾರೆ. ಈ ಉತ್ತರ ನನಗೆ ಒಪ್ಪಿಗೆಯಾಗಿಲ್ಲ. ಒಂಟಿತನವೇ ಭಾಷೆಯನ್ನು ಕಾಯುವುದಾದರೆ ಶೆಟ್‌ಲ್ಯಾಂಡ್, ಆರ್ಕ್ನಿ ದ್ವೀಪಗಳ ನಾರ್ನ್ ಭಾಷೆ ಸಾಯಬಾರದಿತ್ತು. ಐಸ್‌ಲ್ಯಾಂಡಿನ ನುಡಿಯನ್ನು ಕಾಪಾಡಿದ್ದು ಅದಕ್ಕೆ ಸಿಕ್ಕ ಕೆಲಸ. ನ್ಯಾಯ ತೀರ್ಮಾನ, ದೇವರ ಪ್ರಾರ್ಥನೆ, ಚಳಿಗಾಲದ ರಾತ್ರಿಯ ಓದು ಎಲ್ಲವೂ ಅದರಲ್ಲೇ ನಡೆಯುತ್ತಿತ್ತು. ಈ ಮೂರು ಕೆಲಸಗಳಿಂದ ಅದನ್ನು ಯಾವ ದೊರೆಯೂ ಬಿಡಿಸಲಿಲ್ಲ. ಇದನ್ನೇ ಇಂದು ವಿವರವಾಗಿ ನಿರೂಪಿಸಲು ಪ್ರಯತ್ನಿಸುತ್ತೇನೆ.

ದ್ವೀಪದಲ್ಲಿ ಜನ ನೆಲೆಸಲು ತೊಡಗಿದ್ದು 870ರ ಸುಮಾರಿಗೆ. ಬಂದ ಗಂಡಸರಲ್ಲಿ ಬಹುಪಾಲು ನಾರ್ವೆಯವರು. ಹೆಂಗಸರ ಕಥೆ ಬೇರೆ. ಇಂದಿನ ಐಸ್‌ಲ್ಯಾಂಡಿಗರ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳ ಪ್ರಕಾರ ಅವರ ಮೂಲತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯವರು. ಕೆಲವರು ಹೆಂಡತಿಯರಾಗಿ ಬಂದರು, ಅನೇಕರನ್ನು ಸೆರೆಹಿಡಿದು ಗುಲಾಮರಾಗಿ ತಂದರು. ಅವರ ಗೇಲಿಕ್ ನುಡಿ ಮಕ್ಕಳ ನಾಲಿಗೆಗೆ ಇಳಿಯಲಿಲ್ಲ. ಬೆರಳೆಣಿಕೆಯ ಶಬ್ದಗಳು, ಕೆಲವು ಊರುಗಳ ಹೆಸರು, ನ್ಯಾಲ್, ಕ್ಯಾರ್ತನ್, ಕೊರ್ಮಾಕ್ ಎಂಬ ಹೆಸರುಗಳು ಉಳಿದವು. ಐಸ್‌ಲ್ಯಾಂಡಿನ ಅತಿ ಪ್ರಸಿದ್ಧ ಕಥನದ ನಾಯಕನ ಹೆಸರೇ ಗೇಲಿಕ್ ಎಂಬುದನ್ನು ನೆನೆದಾಗ, ಈ ಭಾಷೆಯ ಹುಟ್ಟಿನಲ್ಲೇ ಇನ್ನೊಂದು ಭಾಷೆಯ ಸಾವು ಬೆರೆತಿದೆ ಎಂದು ಅರಿವಾಗುತ್ತದೆ. ಶುದ್ಧ ನುಡಿಯ ಹೆಮ್ಮೆಯ ಮಾತನ್ನು ಮುಂದೆ ಕೇಳಲಿದ್ದೇವೆ. ಅದಕ್ಕೂ ಮೊದಲು ಈ ತಾಯಂದಿರನ್ನು ನೆನೆಯುವುದು ನ್ಯಾಯ.

930ರಲ್ಲಿ ಥಿಂಗ್‌ವೆಟ್ಲಿರ್ ಎಂಬ ಬಯಲಿನಲ್ಲಿ ದೇಶಕ್ಕೆಲ್ಲ ಒಂದು ಸಭೆ ಏರ್ಪಟ್ಟಿತು. ಅದರ ಹೆಸರು ಆಲ್‌ಥಿಂಗ್. ಅಲ್ಲಿ ರಾಜನಿರಲಿಲ್ಲ, ಸೈನ್ಯವಿರಲಿಲ್ಲ. ಕಾನೂನನ್ನು ಬಾಯಲ್ಲಿಟ್ಟುಕೊಂಡ ಒಬ್ಬ ವ್ಯಕ್ತಿ ಇದ್ದ. ಅವನನ್ನು ಕಾನೂನು ಹೇಳುವವನು ಎಂದೇ ಕರೆಯುತ್ತಿದ್ದರು. ಮೂರು ವರ್ಷದ ಅವಧಿಯಲ್ಲಿ, ವರ್ಷಕ್ಕೆ ಮೂರನೇ ಒಂದು ಭಾಗದಂತೆ, ಇಡೀ ಕಾನೂನನ್ನು ಅವನು ಸಭೆಯ ಮುಂದೆ ಬಾಯಿಪಾಠವಾಗಿ ಒಪ್ಪಿಸಬೇಕಿತ್ತು. ಜನ ವರ್ಷಕ್ಕೊಮ್ಮೆ ದೂರದೂರದ ಕಣಿವೆಗಳಿಂದ ಕುದುರೆ ಏರಿ ಬಂದು ಅದನ್ನು ಕೇಳುತ್ತಿದ್ದರು. ದ್ವೀಪದ ಉದ್ದಗಲಕ್ಕೂ ನುಡಿ ಒಡೆಯದೆ ಒಂದೇ ಹದದಲ್ಲಿ ಉಳಿಯಲು ಈ ವಾರ್ಷಿಕ ಕೂಟವೂ ಒಂದು ಮುಖ್ಯ ಕಾರಣವೆಂದು ನನ್ನ ಎಣಿಕೆ. 1000ದ ಸುಮಾರಿಗೆ ಇದೇ ಸಭೆ ಕ್ರೈಸ್ತಧರ್ಮವನ್ನು ಒಪ್ಪಿಕೊಂಡಿತು. ಧರ್ಮದ ಜೊತೆ ಲ್ಯಾಟಿನ್ ಲಿಪಿಯೂ ಬಂತು. 1117ರಿಂದ 1118ರವರೆಗಿನ ಚಳಿಗಾಲದಲ್ಲಿ ಕಾನೂನನ್ನು ಬರಹಕ್ಕೆ ಇಳಿಸಿದರು. ಯುರೋಪಿನ ಬಹುಭಾಗದಲ್ಲಿ ಲ್ಯಾಟಿನ್ನೇ ಪಂಡಿತರ ನುಡಿಯಾಗಿದ್ದ ಕಾಲವದು. ಐಸ್‌ಲ್ಯಾಂಡಿಗರು ಕಾನೂನನ್ನು ತಾವು ಕೇಳುತ್ತ ಬಂದ ಮಾತಿನಲ್ಲೇ ಬರೆದುಕೊಂಡರು. ಅಲ್ಲಿನ ನುಡಿಯ ಮುಂದಿನ ಎಂಟು ಶತಮಾನಗಳ ದಾರಿ ಈ ಒಂದು ನಿರ್ಧಾರದಲ್ಲಿ ಅಡಗಿದೆ.

ಪರರ ಲಿಪಿಯಲ್ಲಿ ತಮ್ಮ ನುಡಿಯನ್ನು ಬರೆಯುವುದು ಸುಲಭವಿರಲಿಲ್ಲ. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಹೆಸರು ತಿಳಿಯದ ಒಬ್ಬ ಐಸ್‌ಲ್ಯಾಂಡಿಗ ಈ ತೊಡಕನ್ನು ಬಿಡಿಸಲು ಕೂತ. ಅವನ ಕಿರುಹೊತ್ತಗೆಯನ್ನು ವಿದ್ವಾಂಸರು ‘ಮೊದಲ ವ್ಯಾಕರಣ ಪ್ರಬಂಧ’ ಎಂದು ಕರೆಯುತ್ತಾರೆ. ಲ್ಯಾಟಿನ್ನಿನ ಐದು ಸ್ವರಾಕ್ಷರಗಳು ನಮ್ಮ ಮಾತಿಗೆ ಸಾಲವು, ಇನ್ನು ನಾಲ್ಕು ಬೇಕು ಎಂದು ಅವನು ವಾದಿಸಿದ. ಆ ಒಂಬತ್ತಕ್ಕೂ ಹ್ರಸ್ವ ದೀರ್ಘಗಳಿವೆ, ಅನುನಾಸಿಕ ರೂಪಗಳಿವೆ, ದೀರ್ಘಕ್ಕೆ ಮೇಲೊಂದು ಗೆರೆ, ಅನುನಾಸಿಕಕ್ಕೆ ಒಂದು ಚುಕ್ಕೆ ಇಡೋಣ ಎಂದ. ಇದಕ್ಕೆ ಅವನು ಕೊಟ್ಟ ಪ್ರಮಾಣ ಇನ್ನೂ ಸೊಗಸು. ಒಂದೇ ಚೌಕಟ್ಟಿನ ಎರಡು ಶಬ್ದಗಳನ್ನು ಪಕ್ಕಪಕ್ಕ ಇಟ್ಟು, ಒಂದು ಧ್ವನಿಯನ್ನು ಮಾತ್ರ ಬದಲಿಸಿ, ಅರ್ಥ ಹೇಗೆ ಬೇರೆಯಾಗುತ್ತದೆಂದು ತೋರಿಸಿದ. ಇಪ್ಪತ್ತನೆಯ ಶತಮಾನದ ಧ್ವನಿಮಾಶಾಸ್ತ್ರ ಬಳಸಿದ ವಿಧಾನ ಇದೇ. ಕೇಶಿರಾಜನಿಗಿಂತ ನೂರು ವರ್ಷ ಮೊದಲು, ಭೂಮಿಯ ಇನ್ನೊಂದು ಮೂಲೆಯಲ್ಲಿ, ತನ್ನ ನುಡಿಯ ಸದ್ದನ್ನು ಇಷ್ಟು ಕಿವಿಗೊಟ್ಟು ಆಲಿಸಿದ ಆ ಅನಾಮಿಕನ ಬಗ್ಗೆ ನನಗೆ ಅಪಾರ ಗೌರವವಿದೆ.

ಆಮೇಲೆ ಬಂದದ್ದು ಬರವಣಿಗೆಯ ಸುಗ್ಗಿ. ಆರಿ ಥೋರ್ಗಿಲ್ಸೊನ್ ಆಗಲೇ ದ್ವೀಪದ ಚರಿತ್ರೆಯನ್ನು ಬರೆದಿದ್ದ. ಮೊದಲು ನೆಲೆಸಿದವರ ಹೆಸರು, ವಂಶ, ಹಿಡಿದ ಜಮೀನುಗಳ ವಿವರ ಒಂದು ಗ್ರಂಥವಾಯಿತು. ಸ್ನೊರ್ರಿ ಸ್ಟುರ್ಲುಸೊನ್ ನಾರ್ವೆಯ ರಾಜರ ಇತಿಹಾಸವನ್ನು ಬರೆದ. 1220ರ ಸುಮಾರಿಗೆ ‘ಎಡ್ಡಾ’ ಎಂಬ ಲಕ್ಷಣಗ್ರಂಥವನ್ನೂ ರಚಿಸಿದ. ಹಳೆಯ ಕವಿಗಳ ಛಂದಸ್ಸು, ಒಗಟಿನಂಥ ಸಮಾಸಗಳು, ಅವುಗಳ ಹಿಂದಿನ ದೇವತೆಗಳ ಕಥೆಗಳು ಯುವಕವಿಗಳಿಗೆ ಮರೆತುಹೋಗುತ್ತಿವೆ ಎಂಬ ಕಳವಳದಿಂದ ಹುಟ್ಟಿದ ಕೃತಿಯದು. ‘ಕವಿರಾಜಮಾರ್ಗ’ವನ್ನು ಓದಿದವರಿಗೆ ಇಂಥ ಗ್ರಂಥದ ಹಂಬಲ ಚೆನ್ನಾಗಿ ಅರ್ಥವಾಗುತ್ತದೆ. ಸ್ನೊರ್ರಿ ರಾಜಕಾರಣಿಯೂ ಆಗಿದ್ದ. ನಾರ್ವೆಯ ದೊರೆಯ ಕೋಪಕ್ಕೆ ಗುರಿಯಾಗಿ 1241ರಲ್ಲಿ ರೇಕ್‌ಹೋಲ್ಟ್‌ನ ತನ್ನ ಮನೆಯಲ್ಲೇ ಕೊಲೆಯಾದ. ಸುಮಾರು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ದ್ವೀಪವೇ ನಾರ್ವೆಯ ಅಧೀನಕ್ಕೆ ಹೋಯಿತು. ಹದಿನಾಲ್ಕನೆಯ ಶತಮಾನದ ಕೊನೆಗೆ, ನಾರ್ವೆಯ ಜೊತೆಗೇ, ಡೆನ್ಮಾರ್ಕಿನ ದೊರೆಗಳ ಕೈಸೇರಿತು.

ಬರಹಕ್ಕೆ ಬೇಕಾದ ಸಾಮಗ್ರಿ ದ್ವೀಪದಲ್ಲೇ ಇತ್ತು. ಕರುವಿನ ಚರ್ಮವನ್ನು ಹದಮಾಡಿ ಹಾಳೆ ಮಾಡುತ್ತಿದ್ದರು. ‘ಫ್ಲಾಟೇಯರ್‌ಬೋಕ್’ ಎಂಬ ಹದಿನಾಲ್ಕನೆಯ ಶತಮಾನದ ಒಂದೇ ಹಸ್ತಪ್ರತಿಯ ಮೂಲ ಹಾಳೆಗಳಿಗೆ 113 ಕರುಗಳ ಚರ್ಮ ಬೇಕಾಯಿತೆಂದು ಲೆಕ್ಕ ಹಾಕಿದ್ದಾರೆ. ಹೀಗೆ ಬರೆದಿಟ್ಟ ಪುಸ್ತಕಗಳು ಮಠಗಳ ಬೀರುಗಳಲ್ಲಿ ಕೊಳೆಯಲಿಲ್ಲ. ರೈತರ ಮನೆಗಳಿಗೆ ಹೋದವು.

ಈ ಮನೆಗಳ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಅಲ್ಲಿನ ತೋಟದ ಮನೆಗಳಿಗೆ ಹುಲ್ಲುಹೆಂಟೆಯ ಗೋಡೆ, ಹುಲ್ಲುಹೆಂಟೆಯ ಮಾಡು. ಒಳಗೆ ಬಾಡ್‌ಸ್ಟೋವಾ ಎಂಬ ಉದ್ದನೆಯ ಒಂದೇ ಕೋಣೆ. ಅದರ ಎರಡೂ ಬದಿಗೆ ಮಂಚಗಳ ಸಾಲು. ಯಜಮಾನ, ಯಜಮಾನಿ, ಮಕ್ಕಳು, ಆಳುಕಾಳುಗಳು ಎಲ್ಲರೂ ಅಲ್ಲೇ ಮಲಗುತ್ತಿದ್ದರು, ಅಲ್ಲೇ ಉಣ್ಣುತ್ತಿದ್ದರು, ಅಲ್ಲೇ ದುಡಿಯುತ್ತಿದ್ದರು. ಚಳಿಗಾಲದಲ್ಲಿ ಹಗಲಿನ ಬೆಳಕು ನಾಲ್ಕೈದು ಗಂಟೆ ಮಾತ್ರ. ಸಂಜೆಯಾದೊಡನೆ ಮೀನೆಣ್ಣೆಯ ದೀಪ ಹಚ್ಚಿ ಎಲ್ಲರೂ ಉಣ್ಣೆಯ ಕೆಲಸಕ್ಕೆ ಕೂರುತ್ತಿದ್ದರು. ಒಬ್ಬರು ಉಣ್ಣೆ ಬಾಚುವುದು, ಒಬ್ಬರು ನೂಲುವುದು, ಒಬ್ಬರು ಹೆಣೆಯುವುದು. ಒಬ್ಬನಿಗೆ ಮಾತ್ರ ಆ ಕೆಲಸದಿಂದ ಬಿಡುಗಡೆ. ದೀಪದ ಹತ್ತಿರ ಕೂತು ಎಲ್ಲರಿಗೂ ಕೇಳುವಂತೆ ಅವನು ಓದಬೇಕು. ಪುರಾತನ ಕಥನಗಳನ್ನು ಓದುತ್ತಿದ್ದ, ರೀಮುರ್ ಎಂಬ ದೀರ್ಘ ಕಥನಕಾವ್ಯಗಳನ್ನು ರಾಗವಾಗಿ ಹೇಳುತ್ತಿದ್ದ. ಮನೆಯಲ್ಲಿ ಇಲ್ಲದ ಪುಸ್ತಕವನ್ನು ಪಕ್ಕದ ಕಣಿವೆಯಿಂದ ಎರವಲು ತಂದು, ಚಳಿಗಾಲ ಮುಗಿಯುವುದರೊಳಗೆ ಪ್ರತಿ ಮಾಡಿಕೊಂಡು ಹಿಂದಿರುಗಿಸುತ್ತಿದ್ದರು. ಕೈಯಿಂದ ಪ್ರತಿ ಮಾಡುವ ಈ ರೂಢಿ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಬದುಕಿತ್ತು. ನಮ್ಮ ಮಲೆನಾಡು ಕರಾವಳಿಗಳ ಮನೆಗಳಲ್ಲಿ ಮಳೆಗಾಲದ ರಾತ್ರಿ ‘ಜೈಮಿನಿ ಭಾರತ’ವನ್ನೋ ಗದುಗಿನ ಭಾರತವನ್ನೋ ಓದಿ ಕೇಳಿಸುತ್ತಿದ್ದುದನ್ನು ಕಂಡ ಹಿರಿಯರಿಗೆ ಈ ಚಿತ್ರ ಪರಿಚಿತವೆನಿಸೀತು. ಐಸ್‌ಲ್ಯಾಂಡಿನ ವಿಶೇಷವೆಂದರೆ, ಆಳುಮಗನೂ ದೊಡ್ಡ ಯಜಮಾನನೂ ಒಂದೇ ಪಠ್ಯವನ್ನು ಒಂದೇ ಕೋಣೆಯಲ್ಲಿ ಕೇಳಿ ಬೆಳೆದರು. ಆರುನೂರು ವರ್ಷದ ಹಿಂದಿನ ವಾಕ್ಯ ಅವರ ಕಿವಿಯಿಂದ ಮರೆಯಾಗಲು ಎಡೆಯೇ ಸಿಗಲಿಲ್ಲ.

ಧರ್ಮಸುಧಾರಣೆಯ ಕಾಲದಲ್ಲಿ ಈ ನುಡಿ ದೊಡ್ಡ ಗಂಡಾಂತರವೊಂದನ್ನು ದಾಟಿತು. ಡೆನ್ಮಾರ್ಕಿನ ದೊರೆ ಲೂಥರನ ಪಂಥವನ್ನು ತನ್ನ ರಾಜ್ಯಗಳ ಮೇಲೆಲ್ಲ ಹೇರಿದ. ನಾರ್ವೆಗೆ, ಫೆರೋ ದ್ವೀಪಗಳಿಗೆ ಹೋದದ್ದು ಡೇನಿಷ್ ಬೈಬಲ್. ಐಸ್‌ಲ್ಯಾಂಡಿನಲ್ಲಿ ಹಾಗಾಗಲಿಲ್ಲ. ಸ್ಕಾಲ್‌ಹೋಲ್ಟ್‌ನ ಬಿಷಪ್ಪರ ಬಳಿ ಕೆಲಸಕ್ಕಿದ್ದ ಓಡ್ಡುರ್ ಗಾಟ್‌ಸ್ಕಾಲ್ಕ್‌ಸೊನ್ ಹೊಸ ಒಡಂಬಡಿಕೆಯನ್ನು ಗುಟ್ಟಾಗಿ ಅನುವಾದಿಸಿದ. ದನದ ಕೊಟ್ಟಿಗೆಯಲ್ಲಿ ಕೂತು ಬರೆದನೆಂದು ಪ್ರತೀತಿ. 1540ರಲ್ಲಿ ಅದು ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಅಚ್ಚಾಯಿತು. ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಅಚ್ಚಾಗಿ ಇಂದಿಗೂ ಉಳಿದಿರುವ ಪುಸ್ತಕಗಳಲ್ಲಿ ಅದೇ ಮೊದಲನೆಯದು. 1584ರಲ್ಲಿ ಬಿಷಪ್ ಗುಡ್‌ಬ್ರಾಂದುರ್ ಥೋರ್ಲಾಕ್ಸೊನ್ ಉತ್ತರದ ಹೋಲಾರ್‌ನಲ್ಲಿ ಇಡೀ ಬೈಬಲ್ಲನ್ನು 500 ಪ್ರತಿ ಮುದ್ರಿಸಿದರು. ದೇವರು ಐಸ್‌ಲ್ಯಾಂಡಿಕ್ಕಿನಲ್ಲೇ ಮಾತಾಡತೊಡಗಿದ ಮೇಲೆ ಡೇನಿಷ್ ಭಾಷೆ ಕಚೇರಿಗೂ ಅಂಗಡಿಗೂ ಸೀಮಿತವಾಯಿತು. ಹಾಲ್‌ಗ್ರಿಮುರ್ ಪೇತುರ್ಸೊನ್ ಬರೆದ ಐವತ್ತು ಯಾತನಾಗೀತೆಗಳು 1666ರಲ್ಲಿ ಅಚ್ಚಾಗಿ ಮನೆಮಾತಾದವು. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಲ್ಲಿ ಅವನ್ನು ದಿನಕ್ಕೊಂದರಂತೆ ದೇಶದ ರೇಡಿಯೋದಲ್ಲಿ ಈಗಲೂ ಓದುತ್ತಾರೆ.

ಈಗ ಅಕ್ಕಪಕ್ಕದ ದ್ವೀಪಗಳ ಕಡೆ ನೋಡೋಣ. ವೈಕಿಂಗ್ ಕಾಲದಲ್ಲಿ ನಾರ್ವೆಯಿಂದ ಹೊರಟ ಅದೇ ನುಡಿ ಶೆಟ್‌ಲ್ಯಾಂಡ್, ಆರ್ಕ್ನಿ, ಫೆರೋಗಳಿಗೂ ಹೋಗಿತ್ತು. 1468, 1469ರಲ್ಲಿ ಡೆನ್ಮಾರ್ಕಿನ ದೊರೆ ಮಗಳ ವರದಕ್ಷಿಣೆಗಾಗಿ ಆರ್ಕ್ನಿಯನ್ನೂ ಶೆಟ್‌ಲ್ಯಾಂಡನ್ನೂ ಸ್ಕಾಟ್ಲೆಂಡಿಗೆ ಅಡವಿಟ್ಟ. ಆಮೇಲೆ ಬಿಡಿಸಿಕೊಳ್ಳಲಿಲ್ಲ. ಕಾನೂನು ಸ್ಕಾಟಿಷ್ ಆಯಿತು, ಚರ್ಚು ಸ್ಕಾಟಿಷ್ ಆಯಿತು, ಭೂಮಾಲೀಕರೂ ಸ್ಕಾಟರೇ ಆದರು. ಅಲ್ಲಿನ ನಾರ್ನ್ ಭಾಷೆ ಹದಿನೆಂಟನೆಯ ಶತಮಾನದ ಹೊತ್ತಿಗೆ ಹಾಡಿನ ತುಣುಕು, ಗಾದೆಗಳಾಗಿ ಉಳಿದು, ಮುಂದೆ ಅಳಿದೇ ಹೋಯಿತು. ಫೆರೋದಲ್ಲಿ ಜನ ಮನೆಮಾತನ್ನು ಬಿಡಲಿಲ್ಲ. ಆದರೆ ಚರ್ಚು, ನ್ಯಾಯಾಲಯಗಳೆಲ್ಲ ಡೇನಿಷ್ ಆಗಿದ್ದುದರಿಂದ 1846ರವರೆಗೆ ಅದಕ್ಕೊಂದು ನೆಲೆನಿಂತ ಬರಹರೂಪವೇ ಇರಲಿಲ್ಲ. ನಾರ್ವೆಯೇ ಬರವಣಿಗೆಯಲ್ಲಿ ಡೇನಿಷ್ ಹಿಡಿಯಿತು. ಕಡಲು, ಚಳಿ, ಒಂಟಿತನ ಎಲ್ಲ ದ್ವೀಪಗಳಿಗೂ ಇದ್ದವು. ನ್ಯಾಯ, ಪ್ರಾರ್ಥನೆ, ಓದು ಮೂರೂ ಸ್ವಂತ ನುಡಿಯಲ್ಲಿ ಉಳಿದದ್ದು ಐಸ್‌ಲ್ಯಾಂಡ್ ಒಂದರಲ್ಲೇ.

ಹಾಗೆಂದು ಭಾಷೆ ಬದಲಾಗಲೇ ಇಲ್ಲವೆಂದು ಯಾರೂ ತಿಳಿಯಬಾರದು. ವಿಭಕ್ತಿ, ಲಿಂಗ, ಕ್ರಿಯಾರೂಪಗಳ ಚೌಕಟ್ಟು ಹೆಚ್ಚುಕಡಿಮೆ ಹಳೆಯದೇ. ನಾಲ್ಕು ವಿಭಕ್ತಿಗಳು, ಮೂರು ಲಿಂಗಗಳು ಹಾಗೇ ಇವೆ. ಉಚ್ಚಾರಣೆ ಮಾತ್ರ ಬಹಳ ಬದಲಾಗಿದೆ. ಹಳೆಯ ದೀರ್ಘ ಸ್ವರಗಳಲ್ಲಿ ಹಲವು ಸಂಧ್ಯಕ್ಷರಗಳಾದವು, ಬೇರೆಬೇರೆಯಾಗಿದ್ದ ಕೆಲವು ಸ್ವರಗಳು ಒಂದಾದವು, ಹ್ರಸ್ವ ದೀರ್ಘದ ಏರ್ಪಾಡೇ ಬುಡಮೇಲಾಯಿತು. ಸ್ನೊರ್ರಿ ಎದ್ದು ಬಂದು ಇಂದಿನ ರೇಕ್ಯಾವಿಕ್ಕಿನ ಬೀದಿಯಲ್ಲಿ ನಿಂತರೆ ಪತ್ರಿಕೆಯನ್ನು ಓದಿಯಾನು, ಜನರಾಡುವ ಮಾತು ಅವನಿಗೆ ತಟ್ಟನೆ ತಿಳಿಯದು. ಬರಹ ಇಷ್ಟು ಹಳೆಯದಾಗಿ ಕಾಣಲು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೂ ಕಾರಣ. ಹಳೆಯ ಕಾಗುಣಿತಕ್ಕೆ ಹತ್ತಿರವಾಗುವಂತೆ ಅವರು ಬರವಣಿಗೆಯನ್ನು ತಿಳಿದೂ ತಿಳಿದೂ ತಿದ್ದಿದರು.

ಆ ಶತಮಾನಕ್ಕೆ ಬರುವ ಮೊದಲು ಆರ್ನಿ ಮಾಗ್ನೂಸೊನ್ ಅವರನ್ನು ನೆನೆಯಬೇಕು. 1663ರಲ್ಲಿ ಹುಟ್ಟಿ ಕೋಪನ್‌ಹೇಗನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದ ಇವರು, ಆರಂಭದಲ್ಲಿ ಹೇಳಿದ 1703ರ ಜನಗಣತಿಯನ್ನು ನಡೆಸಿದವರಲ್ಲಿ ಒಬ್ಬರು. ಆ ಕೆಲಸಕ್ಕಾಗಿ ದ್ವೀಪವನ್ನು ಸುತ್ತುತ್ತಲೇ ಹಸ್ತಪ್ರತಿಗಳನ್ನು ಹುಡುಕಿದರು. ಜನ ಬಡತನದಲ್ಲಿ ಚರ್ಮದ ಹಾಳೆಗಳನ್ನು ಬೇರೆ ಕೆಲಸಗಳಿಗೆ ಬಳಸತೊಡಗಿದ್ದರು. ಅಂಗಿಯ ಅಳತೆಗೆಂದು ಕತ್ತರಿಸಿದ ಹಾಳೆ ಸಿಕ್ಕಿತು, ಬಿಷಪ್ಪರ ಟೋಪಿಯೊಳಗೆ ಗಟ್ಟಿ ನಿಲ್ಲಲೆಂದು ಹೊಲಿದಿದ್ದ ಹಾಳೆ ಸಿಕ್ಕಿತು. ಒಂದೊಂದು ತುಣುಕನ್ನೂ ಬಿಡದೆ ಕೂಡಿಟ್ಟರು. 1728ರಲ್ಲಿ ಕೋಪನ್‌ಹೇಗನ್ ಹೊತ್ತಿ ಉರಿದಾಗ ಅವರ ಅಚ್ಚಿನ ಪುಸ್ತಕಗಳಲ್ಲಿ ಬಹುಪಾಲು ಸುಟ್ಟುಹೋದವು. ಮುಖ್ಯ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಉಳಿದವು. ಎರಡು ವರ್ಷದೊಳಗೆ ಅವರೂ ತೀರಿಕೊಂಡರು. ಆ ಸಂಗ್ರಹ ಡೆನ್ಮಾರ್ಕಿನಲ್ಲೇ ಉಳಿಯಿತು. 1662ರಲ್ಲಿ ಬಿಷಪ್ ಬ್ರಿನ್ಯೋಲ್ವುರ್ ಸ್ವೇನ್ಸೊನ್ ಡೇನಿಷ್ ದೊರೆಗೆ ಕಾಣಿಕೆ ಕೊಟ್ಟಿದ್ದ, ಸ್ನೊರ್ರಿಯ ಗ್ರಂಥದ ಹೆಸರನ್ನೇ ಹೊತ್ತ ಹಳೆಯ ಎಡ್ಡಾ ಕಾವ್ಯಗಳ ಹಸ್ತಪ್ರತಿಯೂ ಅಲ್ಲೇ ಇತ್ತು. ಹದಿಮೂರನೆಯ ಶತಮಾನದ, ಬರೀ 45 ಹಾಳೆಗಳ ಆ ಪುಸ್ತಕ ಇಲ್ಲದಿದ್ದರೆ ಉತ್ತರದ ದೇವತೆಗಳ ಕಾವ್ಯದ ಬಹುಭಾಗ ಜಗತ್ತಿಗೆ ಸಿಗುತ್ತಲೇ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಡೇನಿಷ್ ಭಾಷಾಶಾಸ್ತ್ರಜ್ಞ ರಾಸ್ಮುಸ್ ರಾಸ್ಕ್ ಈ ನುಡಿಗೆ ಮನಸೋತ. 1811ರಲ್ಲಿ ಅದರ ವ್ಯಾಕರಣವನ್ನು ಬರೆದ. 1813ರಿಂದ ಎರಡು ವರ್ಷ ದ್ವೀಪದಲ್ಲಿದ್ದು ಅಲ್ಲಿಯವನಂತೆಯೇ ಮಾತಾಡಲು ಕಲಿತ. ರೇಕ್ಯಾವಿಕ್ಕಿನ ವರ್ತಕರ ಬಾಯಲ್ಲಿ ಡೇನಿಷ್ ಬೆರೆತ ನುಡಿಯನ್ನು ಕೇಳಿ ಗಾಬರಿಗೊಂಡ. ಹೀಗೇ ಬಿಟ್ಟರೆ ನೂರು ವರ್ಷದಲ್ಲಿ ಆ ಊರಿನಲ್ಲಿ ಐಸ್‌ಲ್ಯಾಂಡಿಕ್ ತಿಳಿಯುವವರೇ ಇರುವುದಿಲ್ಲವೆಂದು ಎಚ್ಚರಿಸಿದ. 1816ರಲ್ಲಿ ಐಸ್‌ಲ್ಯಾಂಡಿಕ್ ಸಾಹಿತ್ಯ ಸಂಘ ಹುಟ್ಟಲು ಅವನೇ ಮುಂದಾದ. ಆ ಸಂಘ ಈಗಲೂ ಪುಸ್ತಕ ಪ್ರಕಟಿಸುತ್ತಿದೆ. ಇದೇ ರಾಸ್ಕ್ 1820ರಲ್ಲಿ ಪರ್ಷಿಯಾದ ದಾರಿಯಾಗಿ ಮುಂಬಯಿಗೆ ಬಂದಿಳಿದು, ಭಾರತದಲ್ಲೂ ಸಿಂಹಳದಲ್ಲೂ ಅಲೆದು, ಅವೆಸ್ತಾ ಮತ್ತು ಪಾಳಿ ಹಸ್ತಪ್ರತಿಗಳನ್ನು ಕೊಂಡೊಯ್ದ. ಅಂದರೆ ಐಸ್‌ಲ್ಯಾಂಡಿನ ನುಡಿಯನ್ನು ಎಚ್ಚರಿಸಿದವನು ನಮ್ಮ ನೆಲದಲ್ಲೂ ಹಳೆಯ ಪುಸ್ತಕಗಳನ್ನು ಹುಡುಕಿದವನೇ.

ಪರಕೀಯನೊಬ್ಬ ಕೊಟ್ಟ ಎಚ್ಚರಿಕೆಯನ್ನು ಸ್ವಂತ ಕಾರ್ಯಕ್ರಮವಾಗಿಸಿದವರು 1835ರಲ್ಲಿ ‘ಫ್ಯೋಲ್ನಿರ್’ ಪತ್ರಿಕೆ ಹೊರಡಿಸಿದ ನಾಲ್ವರು ತರುಣರು. ಅವರಲ್ಲೊಬ್ಬ ಯೋನಾಸ್ ಹಾಲ್‌ಗ್ರಿಮ್ಸೊನ್, ಕವಿ ಮತ್ತು ನಿಸರ್ಗವಿಜ್ಞಾನಿ. 1842ರಲ್ಲಿ ಅವನು ಖಗೋಳಶಾಸ್ತ್ರದ ಪಠ್ಯವೊಂದನ್ನು ಅನುವಾದಿಸಿದ. ಗುರುತ್ವಾಕರ್ಷಣೆಗೆ, ಗ್ರಹಕ್ಕೆ, ದೀರ್ಘವೃತ್ತಕ್ಕೆ ಅವನು ದೇಶೀಯ ಧಾತುಗಳಿಂದ ಕಟ್ಟಿದ ಶಬ್ದಗಳನ್ನು ಇಂದಿನ ಶಾಲಾಮಕ್ಕಳು ಹುಟ್ಟಿದಾಗಿನಿಂದ ಇದ್ದ ಮಾತೆಂಬಂತೆ ಬಳಸುತ್ತಾರೆ. ಅವನು ಹುಟ್ಟಿದ ನವೆಂಬರ್ 16 ಈಗ ಅಲ್ಲಿನ ಭಾಷಾದಿನ. 1918ರಲ್ಲಿ ದೇಶ ಸಾರ್ವಭೌಮವಾಯಿತು, 1944ರಲ್ಲಿ ಗಣರಾಜ್ಯವಾಯಿತು. ಪದ ಕಟ್ಟುವ ಕೆಲಸ ಕವಿಯ ಕೈಯಿಂದ ಕಸುಬುದಾರರ ಕೈಗೆ ದಾಟಿತು. ಎಂಜಿನಿಯರುಗಳು 1919ರಲ್ಲೇ ತಮ್ಮ ಪದಸಮಿತಿ ಮಾಡಿಕೊಂಡರು. ವಿದ್ಯುತ್ ಎಂಜಿನಿಯರುಗಳ ಸಮಿತಿ 1941ರಿಂದ ಕೂಡಿ ಚರ್ಚಿಸುತ್ತ ಬಂದಿದೆ. ದೂರವಾಣಿಗೆ ದಾರ ಎಂಬರ್ಥದ, ಬಳಕೆ ತಪ್ಪಿದ್ದ ಹಳೆಯ ಪದವನ್ನು ಎತ್ತಿಕೊಂಡರು. ಕಂಪ್ಯೂಟರಿಗೆ ವಿದ್ವಾಂಸ ಸಿಗುರ್ದುರ್ ನೋರ್ದಾಲ್ 1960ರ ದಶಕದಲ್ಲಿ ಸಂಖ್ಯೆ ಎಂಬ ಪದವನ್ನೂ ಕಣಿ ಹೇಳುವವಳು ಎಂಬ ಪದವನ್ನೂ ಕೂಡಿಸಿ ‘ತೋಲ್ವಾ’ ಎಂಬ ಹೆಸರು ಕೊಟ್ಟರು. ಈ ಪದಗಳು ಗೆದ್ದದ್ದಕ್ಕೆ ಕಾರಣ ಸರ್ಕಾರದ ಆಜ್ಞೆಯಲ್ಲ. ಹೆಚ್ಚಿನ ಕಡೆ ಯಂತ್ರ ಮುಟ್ಟುವವನೇ ಪದವನ್ನೂ ಕಟ್ಟಿದ, ಮೊದಲು ತಾನೇ ಬಳಸಿದ. ಬಳಸುವವರನ್ನು ಕೇಳದೆ ಕೋಣೆಯೊಳಗೆ ಕೂತು ಟಂಕಿಸಿದ ಪಾರಿಭಾಷಿಕ ಪದಗಳು ಕೋಶದಲ್ಲೇ ಉಳಿಯುತ್ತವೆಂಬುದು ನಮಗೂ ಗೊತ್ತಿರುವ ಸಂಗತಿ.

ಈ ಶ್ರದ್ಧೆಗೆ ಒಂದು ಕಠಿಣ ಮುಖವೂ ಇದೆ. 1941ರಲ್ಲಿ ಹಾಲ್‌ದೋರ್ ಲಾಕ್ಸ್‌ನೆಸ್, ಮುಂದೆ 1955ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ, ಹಳೆಯ ಕಥನವೊಂದನ್ನು ಆಧುನಿಕ ಕಾಗುಣಿತದಲ್ಲಿ ಪ್ರಕಟಿಸಲು ಹೊರಟಾಗ ಸಂಸತ್ತೇ ಕನಲಿತು. ಪುರಾತನ ಪಠ್ಯಗಳ ಪ್ರಕಟಣೆಯ ಹಕ್ಕನ್ನು ಸರ್ಕಾರಕ್ಕೆ ಕಟ್ಟುವ ಕಾನೂನು ಬಂತು. ಮುದ್ರಣ ಸ್ವಾತಂತ್ರ್ಯಕ್ಕೆ ಅದು ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 1943ರಲ್ಲಿ ತೀರ್ಪಿತ್ತಿತು. ಅದೇ ದಶಕದಲ್ಲಿ ಶಾಲೆಗಳು ಇನ್ನೊಂದು ಹೋರಾಟಕ್ಕಿಳಿದವು. ಕೆಲವು ಪ್ರದೇಶಗಳ ಮಕ್ಕಳು ಎರಡು ಜೋಡಿ ಸ್ವರಗಳನ್ನು ಬೆರೆಸಿ ಉಚ್ಚರಿಸುತ್ತಿದ್ದರು. ಬ್ಯೋರ್ನ್ ಗುಡ್‌ಫಿನ್ಸೊನ್ ಎಂಬ ವಿದ್ವಾಂಸರು ಸಾವಿರಾರು ಮಕ್ಕಳ ಉಚ್ಚಾರಣೆಯನ್ನು ಪರೀಕ್ಷಿಸಿದರು. ಮೇಷ್ಟರುಗಳು ತಿದ್ದಿ ತಿದ್ದಿ ಒಂದು ತಲೆಮಾರಿನಲ್ಲಿ ಆ ಉಚ್ಚಾರಣೆ ಬಹುಮಟ್ಟಿಗೆ ಅಳಿಸಿಹೋಯಿತು. ಭಾಷೆಯ ಸಹಜ ಬದಲಾವಣೆಯೊಂದನ್ನು ಶಾಲೆ ಹೀಗೆ ಹಿಂದಕ್ಕೆ ತಳ್ಳಿದ ನಿದರ್ಶನ ಜಗತ್ತಿನಲ್ಲೇ ವಿರಳ. ನಾಚಿಕೆಪಟ್ಟು ಬಾಯಿ ಮುಚ್ಚಿಕೊಂಡ ಮಕ್ಕಳು ಎಷ್ಟಿದ್ದರೋ ಎಂಬ ಪ್ರಶ್ನೆಯನ್ನೂ ಇದರ ಜೊತೆಗೇ ಕೇಳಬೇಕು.

ಇನ್ನೊಂದು ನಿದರ್ಶನ ವ್ಯಾಕರಣದ್ದು, ಕನ್ನಡಿಗರಿಗೆ ಬಹಳ ಆಪ್ತವಾದದ್ದು. ‘ನನಗೆ ಚಳಿ’, ‘ನನಗೆ ಬೇಸರ’ ಎಂದು ನಾವು ಹೇಳುವಂತೆ ಐಸ್‌ಲ್ಯಾಂಡಿಗರೂ ಚತುರ್ಥಿ ವಿಭಕ್ತಿಯಲ್ಲೇ ಹೇಳುತ್ತಾರೆ. ಇಂಗ್ಲಿಷಿನವರಂತೆ ‘ನಾನು’ ಎಂದು ಶುರುಮಾಡುವುದಿಲ್ಲ. ಆದರೆ ‘ಆಸೆಯಾಗು’ ಎಂಬಂಥ ಕೆಲವು ಕ್ರಿಯಾಪದಗಳ ಜೊತೆ ಮಾತ್ರ ಹಳೆಯ ನಿಯಮ ದ್ವಿತೀಯೆಯನ್ನು ಬೇಡುತ್ತದೆ. ‘ನನಗೆ ಆಸೆ’ ಎನ್ನದೆ ‘ನನ್ನನ್ನು ಆಸೆ’ ಎಂಬಂತೆ ಹೇಳಬೇಕು. ಮಕ್ಕಳು ಎಲ್ಲಕ್ಕೂ ‘ನನಗೆ’ ಎಂದೇ ಬಳಸಿಬಿಡುತ್ತಾರೆ. ಪಂಡಿತರು ಇದಕ್ಕೆ ‘ಚತುರ್ಥಿ ರೋಗ’ ಎಂದು ಹೆಸರಿಟ್ಟು ದಶಕಗಳ ಕಾಲ ತಿದ್ದಿದ್ದಾರೆ. ಈಚಿನ ಭಾಷಾಶಾಸ್ತ್ರಜ್ಞರು ಅದರಲ್ಲಿ ಕ್ರಮವನ್ನು ಕಂಡಿದ್ದಾರೆ. ಅನುಭವಿಸುವವನಿಗೆ ಚತುರ್ಥಿ ಎಂಬ ಸೂತ್ರವನ್ನು ಮಕ್ಕಳು ತಾವಾಗಿ ಹಿಡಿದು, ಎಲ್ಲೆಡೆಗೂ ಹಬ್ಬಿಸುತ್ತಿದ್ದಾರೆ. ಕನ್ನಡದ ವ್ಯಾಕರಣ ಎಂದಿನಿಂದಲೂ ನಡೆದುಬಂದ ದಾರಿಯೇ ಅದು. ಆ ಮಕ್ಕಳನ್ನು ರೋಗಿಗಳೆನ್ನಲು ನನಗಂತೂ ಮನಸ್ಸು ಬಾರದು.

ದ್ವೀಪದಿಂದ ಹೊರಗೆ ಹೋದ ನುಡಿಗೆ ಏನಾಯಿತೆಂಬುದು ನಮ್ಮ ವಾದಕ್ಕೆ ಇನ್ನೊಂದು ಪುರಾವೆ. 1875ರಲ್ಲಿ ಆಸ್ಕ್ಯಾ ಜ್ವಾಲಾಮುಖಿ ಸಿಡಿದು ಪೂರ್ವಭಾಗದ ಹುಲ್ಲುಗಾವಲುಗಳ ಮೇಲೆ ಬೂದಿ ಸುರಿಯಿತು. ಬಡತನ, ಚಳಿ, ಬೂದಿ ಎಲ್ಲ ಸೇರಿ 1870ರಿಂದ 1914ರೊಳಗೆ ಸುಮಾರು 15,000 ಮಂದಿ ಉತ್ತರ ಅಮೆರಿಕಕ್ಕೆ ಹೋದರು. ಕೆನಡಾದ ವಿನ್ನಿಪೆಗ್ ಸರೋವರದ ದಡದಲ್ಲಿ ಗಿಮ್ಲಿ ಎಂಬ ಊರು ಕಟ್ಟಿದರು. ಸಿಡುಬಿನ ಸಾವುನೋವಿನ ಬೆನ್ನಲ್ಲೇ, 1877ರಲ್ಲಿ, ಸ್ವಂತ ನುಡಿಯ ಪತ್ರಿಕೆ ಹೊರಡಿಸಿದರು. ಆಲ್ಬರ್ಟಾದಲ್ಲಿ ಬೇಸಾಯ ಮಾಡಿಕೊಂಡಿದ್ದ ಸ್ಟೆಫಾನ್ ಜಿ. ಸ್ಟೆಫಾನ್ಸೊನ್ ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ನಿದ್ದೆಗೆಟ್ಟು ಐಸ್‌ಲ್ಯಾಂಡಿಕ್ಕಿನಲ್ಲಿ ಕಾವ್ಯ ಬರೆದು ಆ ಭಾಷೆಯ ದೊಡ್ಡ ಕವಿಗಳಲ್ಲೊಬ್ಬನಾದ. ಪ್ರೀತಿಗೆ ಅಲ್ಲಿ ಏನೂ ಕೊರತೆಯಿರಲಿಲ್ಲ. ಆದರೆ ಶಾಲೆ, ನ್ಯಾಯಾಲಯ, ಸಂತೆ ಎಲ್ಲವೂ ಇಂಗ್ಲಿಷ್. ಆ ವಲಸಿಗರು ಹೊರಡಿಸಿ, 1959ರಲ್ಲಿ ಒಂದಾದ ಎರಡು ಹಳೆಯ ಪತ್ರಿಕೆಗಳು ಒಂದೇ ಹೆಸರಿನಲ್ಲಿ ಇನ್ನೂ ಬರುತ್ತಿವೆ, ಇಂಗ್ಲಿಷಿನಲ್ಲಿ. ಪ್ರೀತಿ ಇದ್ದೂ ಕೆಲಸ ಇಲ್ಲದ ಭಾಷೆ ಮೂರು ತಲೆಮಾರು ಬಾಳಿತು, ಅಷ್ಟೇ.

ಸ್ವದೇಶದಲ್ಲಿ ಗೆಲುವುಗಳು ಬಂದವು. ಹಸ್ತಪ್ರತಿಗಳಿಗಾಗಿ ನಡೆದ ದೀರ್ಘ ಮಾತುಕತೆ ಫಲಿಸಿ, 1971ರ ಏಪ್ರಿಲ್ 21ರಂದು ಡೇನಿಷ್ ನೌಕಾಪಡೆಯ ಹಡಗು ಎಡ್ಡಾ ಕಾವ್ಯಗಳ ಪುಸ್ತಕವನ್ನೂ ಫ್ಲಾಟೇಯರ್‌ಬೋಕನ್ನೂ ರೇಕ್ಯಾವಿಕ್ ಬಂದರಿಗೆ ತಂದಿತು. ಅಂಗಡಿ, ಶಾಲೆಗಳು ಬಾಗಿಲು ಹಾಕಿದವು, ಜನ ಬಂದರಿನಲ್ಲಿ ನೆರೆದರು. ಆಳಿದ ದೇಶ ಆಳಿಸಿಕೊಂಡ ದೇಶಕ್ಕೆ ಸಾಂಸ್ಕೃತಿಕ ಸಂಪತ್ತನ್ನು ಮರಳಿ ಕೊಟ್ಟ ಘಟನೆಗಳಲ್ಲಿ ಇಷ್ಟು ಘನವಾದದ್ದು ಮತ್ತೊಂದು ನನಗೆ ತೋರದು. ಉಳಿದ ಹಸ್ತಪ್ರತಿಗಳು 1997ರವರೆಗೆ ಕಂತುಕಂತಾಗಿ ಬಂದವು. ಅವುಗಳಿಗೆಂದು ಕಟ್ಟಿದ ಹೊಸ ಭವನ 2023ರಲ್ಲಿ ತೆರೆಯಿತು.

ಆದರೆ ಈಗಿನ ಪರೀಕ್ಷೆ ಹಿಂದಿನವುಗಳಂಥದಲ್ಲ. ಕೆಫ್ಲಾವಿಕ್ಕಿನ ಅಮೆರಿಕನ್ ಸೇನಾನೆಲೆಯ ಟಿವಿ ಪ್ರಸಾರ ಜನರ ಮನೆಗಳಿಗೆ ನುಗ್ಗಿದಾಗ, 1964ರಲ್ಲಿ ಅರವತ್ತು ಗಣ್ಯರು ಸಂಸತ್ತಿಗೆ ಮನವಿ ಕೊಟ್ಟರು. ಎರಡು ವರ್ಷದಲ್ಲಿ ದೇಶದ ಸ್ವಂತ ದೂರದರ್ಶನ ಶುರುವಾಯಿತು. ಇಂದಿನ ಪರದೆಗೆ ಅಂಥ ಒಂದು ವಿಳಾಸವಿಲ್ಲ. ಫೋನು, ಕಾರು, ಆಟಿಕೆಗಳು ಮಾತು ಕೇಳುವ ಕಾಲದಲ್ಲಿ ಮಗು ಅವುಗಳ ಜೊತೆ ಇಂಗ್ಲಿಷ್ ಆಡಬೇಕಾಗಿ ಬಂದರೆ, ಭಾಷೆಯ ಕೈಯಿಂದ ಮತ್ತೊಂದು ಕೆಲಸ ಜಾರಿದಂತೆ. ಯುರೋಪಿನ ಭಾಷೆಗಳ ಡಿಜಿಟಲ್ ಸ್ಥಿತಿಗತಿಯ ಕುರಿತು 2012ರಲ್ಲಿ ನಡೆದ ಸಮೀಕ್ಷೆ ಐಸ್‌ಲ್ಯಾಂಡಿಕ್ಕನ್ನು ಅತ್ಯಂತ ದುರ್ಬಲ ಭಾಷೆಗಳ ಸಾಲಿಗೆ ಸೇರಿಸಿತ್ತು. ಸರ್ಕಾರ ಭಾಷಾತಂತ್ರಜ್ಞಾನಕ್ಕೆ ಹಣ ತೊಡಗಿಸಿತು. ‘ಸಾಮ್‌ರೋಮುರ್’ ಎಂಬ ಯೋಜನೆಯಲ್ಲಿ ಸಾಮಾನ್ಯ ಜನ ತಮ್ಮ ದನಿಯಲ್ಲಿ ವಾಕ್ಯಗಳನ್ನು ಓದಿ ದಾನ ಕೊಟ್ಟರು. ಇದು ದೀಪದ ಬಳಿ ಕೂತು ಓದಿದ ಹಳೆಯ ರೂಢಿಗೆ ದೂರದ ನಂಟಲ್ಲ. ಓದು ಕೇಳುವವರ ಸಾಲಿಗೆ ಯಂತ್ರವೂ ಸೇರಿದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಮನುಷ್ಯರದು. ಇಂದು ದ್ವೀಪದಲ್ಲಿರುವವರಲ್ಲಿ ಸುಮಾರು ಐದರಲ್ಲಿ ಒಬ್ಬರು ಹೊರದೇಶದಿಂದ ಬಂದವರು. ಅವರಲ್ಲಿ ಪೋಲೆಂಡಿನವರೇ ಹೆಚ್ಚು. ಮೀನು ಸಂಸ್ಕರಣೆ, ಕಟ್ಟಡ ಕೆಲಸ, ಹೋಟೆಲು, ವೃದ್ಧರ ಆರೈಕೆ ಇವರ ದುಡಿಮೆಯಿಂದ ನಡೆಯುತ್ತಿವೆ. ಸ್ಥಳೀಯ ಭಾಷೆಯನ್ನು ಚೆನ್ನಾಗಿ ಬಲ್ಲೆವೆನ್ನುವ ವಲಸಿಗರ ಪಾಲು ಅಲ್ಲಿ ಸದಸ್ಯದೇಶಗಳಲ್ಲೇ ಅತಿ ಕಡಿಮೆ ಎಂದು ಶ್ರೀಮಂತ ರಾಷ್ಟ್ರಗಳ ಆರ್ಥಿಕ ಸಂಘಟನೆಯ 2024ರ ವರದಿ ಹೇಳಿತು. ಕಲಿಯುವವರ ಸೋಮಾರಿತನ ಇದಕ್ಕೆ ಕಾರಣವಲ್ಲ. ದುಡಿಮೆಯ ವೇಳೆಗೆ ಹೊಂದುವ ತರಗತಿಗಳು ಸಾಲವು. ವಿಭಕ್ತಿ ತಪ್ಪಿದ ಒಂದು ವಾಕ್ಯ ಕಿವಿಗೆ ಬಿದ್ದ ಕೂಡಲೇ ಎದುರಿನವರು ಇಂಗ್ಲಿಷಿಗೆ ಹೊರಳಿಬಿಡುತ್ತಾರೆ. ತಪ್ಪಿಲ್ಲದ ನುಡಿಯ ಶತಮಾನಗಳ ಶ್ರದ್ಧೆಯೇ ಹೊಸಬರ ಮುಂದೆ ಗೋಡೆಯಾಗಿ ನಿಂತಿದೆ. ಕರಡಾದ, ಎಡವುವ ಐಸ್‌ಲ್ಯಾಂಡಿಕ್ಕನ್ನು ತಾಳ್ಮೆಯಿಂದ ಕೇಳಿಸಿಕೊಳ್ಳಲು ಆ ಸಮಾಜ ಕಲಿಯಬೇಕು. ಮೂಲತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪರನುಡಿಯವರೇ ಆಗಿದ್ದ ದೇಶಕ್ಕೆ ಇದು ಹೊಸ ಪಾಠವಾಗಬೇಕಿಲ್ಲ. ನನ್ನ ತಿಳಿವಳಿಕೆಯಲ್ಲಿ, ಆ ಭಾಷೆಯ ಮುಂದಿನ ನೂರು ವರ್ಷ ಪದಸಮಿತಿಗಳಿಗಿಂತ ಹೆಚ್ಚಾಗಿ ವಲಸಿಗರು ಕಲಿಯುವ ಸಂಜೆ ತರಗತಿಗಳನ್ನು ಅವಲಂಬಿಸಿದೆ.

ಹೊಸಬರ ನುಡಿಗೂ ಅಲ್ಲಿ ಜಾಗ ಸಿಗುತ್ತಿರುವ ಸುಳಿವುಗಳು ಈಗಾಗಲೇ ಕಾಣುತ್ತಿವೆ. ಅಪ್ರಕಟಿತ ಕವಿತೆಗಳ ಹಸ್ತಪ್ರತಿಗೆ ರೇಕ್ಯಾವಿಕ್ ನಗರ ಕೊಡುವ, ಕವಿ ತೋಮಾಸ್ ಗುಡ್‌ಮುಂಡ್ಸೊನ್ ಹೆಸರಿನ ಪ್ರಶಸ್ತಿ 2022ರಲ್ಲಿ ನತಾಶಾ ಎಸ್. ಎಂಬ ಹೆಸರಿನಲ್ಲಿ ಬರೆಯುವ ಕವಿಗೆ ಸಂದಿತು. ಅವರು ಹುಟ್ಟಿ ಬೆಳೆದದ್ದು ರಷ್ಯಾದಲ್ಲಿ. ಐಸ್‌ಲ್ಯಾಂಡಿಕ್ ಅವರು ದೊಡ್ಡವರಾದ ಮೇಲೆ ಕಲಿತ ಭಾಷೆ.